ಜೀಪಿಗೆ 60 ಲೀಟರ್ ಡೀಸೆಲ್ ಟ್ಯಾಂಕ್ ಕಟ್ಟಿಸಿದೆ: ಮೊದಲನೆಯದು ಯಾಕೆ ಬಿರುಕು ಬಿಟ್ಟಿತು?

ಕೆಂಧೂಳು, ಬಳ್ಳಾರಿ

ನನ್ನದು ಹಳೆ ಮಹೀಂದ್ರಾ ಡೀಸೆಲ್ ಜೀಪ್. ಅದರಲ್ಲಿದ್ದ ಟ್ಯಾಂಕ್ 40 ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತಿರಲಿಲ್ಲ, ತಳವೂ ತುಕ್ಕು ಹಿಡಿದಿತ್ತು. ಹೇಗೂ ಬದಲಾಯಿಸಬೇಕು, ದೊಡ್ಡದೇ ಕಟ್ಟಿಸೋಣ ಅಂದುಕೊಂಡೆ. ಹಿಂದಿನ ಆಕ್ಸೆಲ್‌ನ ಆಚೆ, ಚಾಸಿಯ (ಜೀಪಿನ ಅಡಿಯ ಕಬ್ಬಿಣದ ಚೌಕಟ್ಟು) ಎರಡು ಹಳಿಗಳ ನಡುವೆ ಅಳೆದೆ. 60 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದ, 24 ಸೆಂ.ಮೀ. ಎತ್ತರಕ್ಕೆ ಜಾಗ ಸಿಕ್ಕಿತು. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 64.8 ಲೀಟರ್. ಮೇಲೆ ಗಾಳಿಗೆ ಜಾಗ ಬಿಟ್ಟರೆ 60 ಲೀಟರ್ ಡೀಸೆಲ್.

ಒಂದು ವರ್ಕ್‌ಶಾಪ್‌ನಲ್ಲಿ 16 ಗೇಜ್ ಸಿಆರ್ ಶೀಟ್‌ನಲ್ಲಿ (ಸುಮಾರು 1.6 ಎಂ.ಎಂ. ದಪ್ಪದ ಕಬ್ಬಿಣದ ತಗಡು) ಕಟ್ಟಿಸಿದೆ. ನಾಲ್ಕು ಮೂಲೆಗೆ ನಾಲ್ಕು ಕಿವಿ (ಬೋಲ್ಟ್ ಹಾಕುವ ತೂತಿನ ಪಟ್ಟಿ) ವೆಲ್ಡ್ ಮಾಡಿಸಿ, ಚಾಸಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದೆವು. ಗಟ್ಟಿಯಾಗಿ ಕೂತಿತು. ಕೈಯಲ್ಲಿ ತಟ್ಟಿದರೆ ಜೀಪಿನದೇ ಒಂದು ಭಾಗ ಅನ್ನಿಸುವಷ್ಟು ಗಟ್ಟಿ. ನನಗೆ ತುಂಬ ಖುಷಿಯಾಗಿತ್ತು.

ನಾಲ್ಕು ತಿಂಗಳು ಏನೂ ತೊಂದರೆ ಇಲ್ಲ. ಸಂಡೂರು ಕಡೆಯ ಗುಡ್ಡದ ದಾರಿಯಲ್ಲಿ ಮೂರು ಸಲ ಹೋಗಿ ಬಂದೆ. ಆಮೇಲೆ ಒಂದು ದಿನ ಶೆಡ್‌ನಲ್ಲಿ ಡೀಸೆಲ್ ವಾಸನೆ. ನೆಲದ ಮೇಲೆ ಹನಿ ಬಿದ್ದಿರಲಿಲ್ಲ. ಜೀಪಿನ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಬಲಗಡೆ ಹಿಂದಿನ ಕಿವಿಯ ಪಕ್ಕ, ಕೆಂಪು ಧೂಳು ಡೀಸೆಲ್‌ಗೆ ಅಂಟಿ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪನೆ ಗೆರೆ. ಬೆರಳಲ್ಲಿ ಒರೆಸಿದೆ. ಹತ್ತು ನಿಮಿಷಕ್ಕೆ ಮತ್ತೆ ಒದ್ದೆ.

ವೆಲ್ಡಿಂಗ್ ಸರಿ ಇಲ್ಲ ಅಂತ ಸಿಕ್ಕವರೆಲ್ಲ ಹೇಳಿದರು, ನಾನೂ ಹಾಗೇ ನಂಬಿದ್ದೆ. ಈಗ ಎರಡನೇ ಟ್ಯಾಂಕ್ ತಯಾರಾಗಿದೆ. ಫೋಟೊ ಹಾಕಿದ್ದೇನೆ. ಮೊದಲನೆಯದನ್ನೂ ಬಿಚ್ಚಿ ಇಟ್ಟಿದ್ದೇನೆ, ಅದರ ಫೋಟೊ ಕೂಡ ಇದೆ. ಕೆಲಸ ಗೊತ್ತಿರುವವರು ಬಿರುಕನ್ನು ಒಮ್ಮೆ ಸರಿಯಾಗಿ ನೋಡಿ ಹೇಳಿ.

ಎರೆಹೊಲ, ಸಿಂಧನೂರು

ಅಣ್ಣ, ಒಂದು ಮಾತು ಕೇಳಲಾ? ಬಳ್ಳಾರಿಯಿಂದ ರಾಯಚೂರಿಗೆ ಬರೋ ದಾರಿಯಲ್ಲಿ ಎಷ್ಟು ಬಂಕ್ ಇವೆ! 20 ಲೀಟರ್‌ನ ಎರಡು ಕಬ್ಬಿಣದ ಕ್ಯಾನ್ ಹಿಂದೆ ಕಟ್ಟಿಕೊಂಡರೆ ಸಾಕಲ್ವಾ? ನಾನೂ ಜೀಪ್ ಇಟ್ಟಿದ್ದೇನೆ. ಹೊಲಕ್ಕೂ ಅದೇ, ಊರಿಗೂ ಅದೇ. ಟ್ಯಾಂಕ್ ಮಾಡಿಸಬೇಕು ಅಂತ ನನಗೂ ಆಸೆ ಇದೆ, ಅದಕ್ಕೇ ಕೇಳಿದೆ.

ಕೆಂಧೂಳು, ಬಳ್ಳಾರಿ

ನ್ಯಾಯವಾದ ಪ್ರಶ್ನೆ ತಮ್ಮಾ. ನಮ್ಮ ಮೂರು ಜಿಲ್ಲೆ ಒಳಗೆ ಓಡಾಡುವುದಕ್ಕೆ ನಿಜವಾಗಿಯೂ ದೊಡ್ಡ ಟ್ಯಾಂಕ್ ಬೇಡ. ಎರಡು ಕ್ಯಾನ್ ಸಾಕು. ಕ್ಯಾನ್ ಮಾತ್ರ ಕಬ್ಬಿಣದ್ದೇ ಇರಲಿ, ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬ ಬೇಡ.

ನನಗೆ ಲೇಹ್‌ಗೆ ಹೋಗುವ ಆಸೆ. ಮನಾಲಿಯಿಂದ ಹೋಗುವಾಗ ಕೀಲಾಂಗ್‌ಗೆ ಮುಂಚೆ ತಾಂಡಿ ಅಂತ ಊರು ಬರುತ್ತದೆ. ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಅಲ್ಲಿ ಬಹಳ ವರ್ಷ ಬೋರ್ಡ್ ಇತ್ತು. ನನ್ನ ಜೀಪ್ ಲೀಟರ್‌ಗೆ 9 ಕೊಡುತ್ತದೆ, ಘಾಟಿಯಲ್ಲಿ ಇನ್ನೂ ಕಡಿಮೆ. 365ಕ್ಕೆ 40 ಲೀಟರ್ ಪೂರ್ತಿ ಖಾಲಿ. 60 ಲೀಟರ್ ಇದ್ದರೆ ನೆಮ್ಮದಿ.

ಭಾರದ ಲೆಕ್ಕವನ್ನೂ ಹಾಕಿಕೋ. ಡೀಸೆಲ್ ಲೀಟರ್‌ಗೆ ಸುಮಾರು 830 ಗ್ರಾಂ. 60 ಲೀಟರ್ ಅಂದರೆ 50 ಕಿಲೋ. ಖಾಲಿ ಟ್ಯಾಂಕ್ 16 ಕಿಲೋ. ಒಟ್ಟು 66 ಕಿಲೋ ಆಕ್ಸೆಲ್‌ನ ಹಿಂದೆ ನೇತಾಡುತ್ತದೆ. ಅಂದರೆ ಒಬ್ಬ ಆಳು ಇಪ್ಪತ್ತನಾಲ್ಕು ಗಂಟೆ ಹಿಂದೆ ಕೂತ ಹಾಗೆ.

ಬೆಸುಗೆಮನೆ, ಗಂಗಾವತಿ

ನಾನು ಇಪ್ಪತ್ತೆರಡು ವರ್ಷದಿಂದ ಫ್ಯಾಬ್ರಿಕೇಶನ್ ಮಾಡುತ್ತಿದ್ದೇನೆ. ರೈಸ್ ಮಿಲ್ಲಿನ ಕೆಲಸ ಜಾಸ್ತಿ, ಟ್ರ್ಯಾಕ್ಟರ್ ಟ್ರೇಲರ್, ಆಗಾಗ ಲಾರಿ ಟ್ಯಾಂಕ್. ಫೋಟೊ ದೊಡ್ಡದು ಮಾಡಿ ನೋಡಿದೆ. ಬಿರುಕು ವೆಲ್ಡಿಂಗ್ ಒಳಗೆ ಹೋಗಿಲ್ಲ. ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ, ತಗಡಿನಲ್ಲಿ ಹೋಗಿದೆ. ವೆಲ್ಡ್ ಕೆಟ್ಟದಿದ್ದರೆ ಗೆರೆಯ ನಡುವೆಯೇ ಬಾಯಿ ಬಿಡುತ್ತದೆ, ಇಲ್ಲಾ ಸಣ್ಣ ತೂತು ಕಾಣುತ್ತದೆ. ಪಕ್ಕದಲ್ಲಿ ತಗಡು ಸೀಳಿದೆ ಅಂದರೆ ಆ ಜಾಗವನ್ನು ಯಾರೋ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದ್ದಾರೆ ಅಂತ ಅರ್ಥ. ಕೈಯಲ್ಲಿ ತಂತಿಯನ್ನು ಹತ್ತು ಸಲ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆ. ವೆಲ್ಡ್‌ನ ಶಾಖ ತಿಂದ ಪಕ್ಕದ ಪಟ್ಟಿಯೇ ಮೊದಲು ಸೋಲುತ್ತದೆ.

ನಿಮ್ಮ ವೆಲ್ಡರ್ ಒಳ್ಳೆ ಕೆಲಸ ಮಾಡಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡಿ. ಟ್ಯಾಂಕನ್ನು ನಾಲ್ಕು ಬೋಲ್ಟ್‌ನಲ್ಲಿ ಬಿಗಿದದ್ದೇ ತಪ್ಪು.

ಕೆಂಧೂಳು, ಬಳ್ಳಾರಿ

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಅದು ಗೊತ್ತಾಗಿದ್ದು ಹೀಗೆ.

ಟ್ಯಾಂಕ್ ಬಿಚ್ಚಿದ ಮೇಲೆ ಚಾಸಿಯಲ್ಲಿ ನಾಲ್ಕು ಬ್ರಾಕೆಟ್ ಹಾಗೇ ಉಳಿದಿದ್ದವು. ಸಮ ನೆಲದಲ್ಲಿ ಜೀಪ್ ನಿಲ್ಲಿಸಿ, ನೆಟ್ಟಗಿರುವ ದಪ್ಪ ಪ್ಲೈವುಡ್ ಹಲಗೆಯನ್ನು ಆ ನಾಲ್ಕರ ಮೇಲೆ ಇಟ್ಟೆ. ನಾಲ್ಕೂ ಕಡೆ ಸರಿಯಾಗಿ ಕೂತಿತು. ಆಮೇಲೆ ಎಡ ಮುಂದಿನ ಚಕ್ರ, ಬಲ ಹಿಂದಿನ ಚಕ್ರ ಎರಡನ್ನೂ ಕಲ್ಲು ಜೋಡಿಸಿ ಮೇಲೆ ಹತ್ತಿಸಿದೆ. ಗುಡ್ಡದಲ್ಲಿ ದಿನಾ ಆಗುವುದೇ ಅದು. ಮತ್ತೆ ಕೆಳಗೆ ಮಲಗಿ ನೋಡಿದರೆ ಹಲಗೆಯ ಒಂದು ಮೂಲೆ ಬ್ರಾಕೆಟ್ ಬಿಟ್ಟು ಮೇಲೆ ನಿಂತಿದೆ. 5 ಎಂ.ಎಂ. ಡ್ರಿಲ್ ಬಿಟ್ ಆ ಸಂದಿಯಲ್ಲಿ ಸಲೀಸಾಗಿ ಹೋಗಿ ಬಂತು.

ಆಗ ನನಗೆ ಮೈ ಜುಮ್ ಅಂದಿತು. ಜೀಪಿನ ಚಾಸಿ ಹೊರಳಬೇಕು, ಅದಕ್ಕೇ ಅದನ್ನು ಹಾಗೆ ಮಾಡಿದ್ದಾರೆ. ನಾನು ಅದರ ನಡುವೆ ಒಂದು ಮುಚ್ಚಿದ ಪೆಟ್ಟಿಗೆಯನ್ನು ಬಿಗಿದು, ಪ್ರತಿ ಕಲ್ಲಿಗೂ ಆ ಪೆಟ್ಟಿಗೆಯ ಮೂಲೆಯನ್ನು 5 ಎಂ.ಎಂ. ಎಳೆಸಿದ್ದೇನೆ. ನಾಲ್ಕು ತಿಂಗಳು ಅದು ತಾಳಿದ್ದೇ ದೊಡ್ಡದು.

ನಮ್ಮ ಅಜ್ಜಿ ಹೊಲದಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡುತ್ತಿದ್ದಳು. ನೆಲ ಎಷ್ಟೇ ಏರುತಗ್ಗಾಗಿರಲಿ, ಪಾತ್ರೆ ಅಲ್ಲಾಡುತ್ತಿರಲಿಲ್ಲ. ನಾಲ್ಕು ಕಲ್ಲು ಇಟ್ಟರೆ ಒಂದು ಕಲ್ಲು ಯಾವಾಗಲೂ ಸುಳ್ಳು. ಎರಡನೇ ಟ್ಯಾಂಕನ್ನು ಹಾಗೇ ಕೂರಿಸಿದ್ದೇನೆ. 5 ಎಂ.ಎಂ. ಆಂಗಲ್‌ನಲ್ಲಿ ಒಂದು ತೊಟ್ಟಿಲು. ಆ ತೊಟ್ಟಿಲು ಚಾಸಿಗೆ ಮೂರೇ ಕಡೆ, ಮೂರಕ್ಕೂ ರಬ್ಬರ್ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ). ಮುಂದೆ ಎರಡು, ಹಿಂದೆ ನಡುವೆ ಒಂದು. ಟ್ಯಾಂಕ್ ಆ ತೊಟ್ಟಿಲೊಳಗೆ ಸುಮ್ನೆ ಕೂತಿದೆ, ಮೇಲಿಂದ ಎರಡು ಕಬ್ಬಿಣದ ಪಟ್ಟಿ. ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಹಾಳೆ. ಗೋಣಿಯನ್ನೋ ಕಂಬಳಿ ತುಂಡನ್ನೋ ಇಡಬೇಡಿ. ಅದು ನೀರು ಹಿಡಿದಿಟ್ಟುಕೊಂಡು ಅಲ್ಲೇ ತುಕ್ಕು ತರಿಸುತ್ತದೆ. ಟ್ಯಾಂಕಿಗೆ ಒಂದೂ ಕಿವಿ ವೆಲ್ಡ್ ಮಾಡಿಸಿಲ್ಲ.

ಮತ್ತೆ ಅದೇ ಕಲ್ಲು ಹತ್ತಿಸಿ ನೋಡಿದೆ. ಬುಷ್ ತಿರುಗುತ್ತದೆ, ಟ್ಯಾಂಕ್ ತಣ್ಣಗಿರುತ್ತದೆ.

ಬೆಸುಗೆಮನೆ, ಗಂಗಾವತಿ

ತೊಟ್ಟಿಲು ಚೆನ್ನಾಗಿದೆ. ಒಳಗಿನದ್ದನ್ನು ನಾನು ಹೇಳುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.

ಆರು ತುಂಡು ಕತ್ತರಿಸಿ ಹನ್ನೆರಡು ಅಂಚಿಗೂ ವೆಲ್ಡ್ ಮಾಡಬೇಡಿ. ಬೆಂಡಿಂಗ್ ಮಷಿನ್‌ನಲ್ಲಿ ಮಡಚಿಸಿ. ಮಡಚಿದ ಅಂಚು ಸೋರುವುದಿಲ್ಲ. ಎಷ್ಟು ವೆಲ್ಡ್ ಕಡಿಮೆಯೋ ಅಷ್ಟು ಒಳ್ಳೆಯದು.

ಒಳಗೆ ಅಡ್ಡ ತಗಡು ಬೇಕೇ ಬೇಕು. ಬಾಫಲ್ ಅನ್ನುತ್ತಾರೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ 25 ಕಿಲೋ ಡೀಸೆಲ್ ಇರುತ್ತದೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಅದಷ್ಟೂ ಹೋಗಿ ಒಂದು ಗೋಡೆಗೆ ಬಡಿಯುತ್ತದೆ. ನಿಮ್ಮ 60 ಸೆಂ.ಮೀ. ಅಗಲಕ್ಕೆ ಎರಡು ಅಡ್ಡ ತಗಡು ಹಾಕಿದರೆ 20 ಸೆಂ.ಮೀ.ನ ಮೂರು ಮನೆ ಆಗುತ್ತವೆ. ಪ್ರತಿ ತಗಡಿನ ನಾಲ್ಕೂ ಮೂಲೆ ಕತ್ತರಿಸಿ ಬಿಡಿ. ಕೆಳಗಿನ ಮೂಲೆಯಲ್ಲಿ ಡೀಸೆಲ್ ಹರಿಯಬೇಕು, ಮೇಲಿನ ಮೂಲೆಯಲ್ಲಿ ಗಾಳಿ ಹೋಗಬೇಕು. ಮೇಲಿನ ಮೂಲೆ ಮರೆತವರನ್ನು ನೋಡಿದ್ದೇನೆ. ಗಾಳಿ ಸಿಕ್ಕಿಕೊಂಡು ಟ್ಯಾಂಕ್ ತುಂಬುವುದೇ ಇಲ್ಲ.

ತಳದಲ್ಲಿ ಅಂಗೈಯಷ್ಟು ಒಂದು ಗುಂಡಿ ಮಾಡಿ. ಡೀಸೆಲ್‌ಗಿಂತ ನೀರು ಭಾರ, ಅದು ಬಂದು ಅಲ್ಲೇ ಕೂರುತ್ತದೆ. ಗುಂಡಿಗೆ ಡ್ರೈನ್ ಬೋಲ್ಟ್ ಇರಲಿ. ಇಂಜಿನ್ ಕಡೆಗೆ ಡೀಸೆಲ್ ಎಳೆಯುವ ಸಕ್ಷನ್ ಪೈಪಿನ ತುದಿ ತಳಕ್ಕೆ ತಾಗಬಾರದು, ಒಂದು ಸೆಂ.ಮೀ.ಗಿಂತ ಸ್ವಲ್ಪ ಮೇಲಿರಲಿ, ತುದಿ ಓರೆಯಾಗಿ ಕತ್ತರಿಸಿರಲಿ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನು ದೂರದ ಮನೆಗೆ ಕೊಡಿ. ಪಕ್ಕದಲ್ಲೇ ಕೊಟ್ಟರೆ ಬಿಸಿ ಡೀಸೆಲ್, ಗುಳ್ಳೆ ಎರಡೂ ಮತ್ತೆ ಪಂಪಿಗೇ ಹೋಗುತ್ತವೆ.

ಇನ್ನೊಂದು. ತುಕ್ಕು ಹಿಡಿಯಬಾರದು ಅಂತ ಜಿಐ, ಅಂದರೆ ಸತು ಬಳಿದ ಶೀಟ್ ಕೇಳುತ್ತಾರೆ. ಡೀಸೆಲ್‌ಗೆ ಜಿಐ ಬೇಡ. ಸತು ಡೀಸೆಲ್ ಜೊತೆ ಸೇರಿ ಅಂಟು ಅಂಟಾದ ಕಸ ಮಾಡುತ್ತದೆ, ಅದು ಹೋಗಿ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟುತ್ತದೆ. ವೆಲ್ಡ್ ಮಾಡುವಾಗ ಬರುವ ಬಿಳಿ ಹೊಗೆ ಕುಡಿದರೆ ವೆಲ್ಡರ್‌ಗೆ ರಾತ್ರಿ ಚಳಿ ಜ್ವರ. ನಾನು ಅನುಭವಿಸಿದ್ದೇನೆ.

ಕಲ್ಲುದಾರಿ, ಕೊಪ್ಪಳ

ನನ್ನದು ಜಿಪ್ಸಿ, ಪೆಟ್ರೋಲ್. ಕಂಪನಿ ಟ್ಯಾಂಕ್ 40 ಲೀಟರ್. ಅಲ್ಯೂಮಿನಿಯಂನಲ್ಲಿ ಮಾಡಿಸಿದರೆ ಹಗುರ ಅಲ್ವಾ?

ಬೆಸುಗೆಮನೆ, ಗಂಗಾವತಿ

ಹಗುರ ಹೌದು. ಆದರೆ 3 ಎಂ.ಎಂ. ತಗಡು ಬೇಕು, ಟಿಗ್ ಅನ್ನುವ ಬೇರೆ ಬಗೆಯ ವೆಲ್ಡ್ ಬೇಕು, ಅಲ್ಯೂಮಿನಿಯಂ ಮೇಲೆ ಕೈ ಪಳಗಿದವರು ಬೇಕು. ಕುಲುಕಾಟಕ್ಕೆ ಅದು ಕಬ್ಬಿಣಕ್ಕಿಂತ ಬೇಗ ಬಿರುಕು ಬಿಡುತ್ತದೆ. ಪೆಟ್ರೋಲ್‌ಗೆ ಟ್ಯಾಂಕ್ ಮಾಡಿಕೊಡಿ ಅಂದರೆ ನಾನು ಮಾಡುವುದಿಲ್ಲ ಸರ್. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ 20 ಪರ್ಸೆಂಟ್ ಇದೆ, ಅದು ನೀರು ಎಳೆದುಕೊಳ್ಳುತ್ತದೆ. ಆವಿ ಬೇರೆ. ಕಂಪನಿ ಟ್ಯಾಂಕೇ ಇರಲಿ ಬಿಡಿ.

ಎರೆಹೊಲ, ಸಿಂಧನೂರು

ಇಲ್ಲಿ ಗುಜರಿಯಲ್ಲಿ ಒಂದು ಹಳೆ ಲಾರಿ ಡೀಸೆಲ್ ಟ್ಯಾಂಕ್ ಇದೆ. ದಪ್ಪ ತಗಡು, ತುಕ್ಕಿಲ್ಲ. ಅದನ್ನೇ ನಡುವೆ ಕತ್ತರಿಸಿ, ಚಿಕ್ಕದು ಮಾಡಿ ಮತ್ತೆ ವೆಲ್ಡ್ ಮಾಡಿಸಿದರೆ ಖರ್ಚು ಉಳಿಯುತ್ತದೆ ಅಂತ ಯೋಚನೆ. ಡೀಸೆಲ್ ಖಾಲಿ ಆಗಿ ವರ್ಷ ಆಗಿದೆ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಅಂತಾರೆ.

ಕೃಷ್ಣಾತೀರ, ರಾಯಚೂರು

ತಮ್ಮಾ, ದಯವಿಟ್ಟು ಅದನ್ನು ಮುಟ್ಟಬೇಡ. ನಾನು ಕಾರ್ಖಾನೆಯಲ್ಲಿ ಸುರಕ್ಷತೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇದನ್ನು ಓದಿ ಕೈ ನಡುಗಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಹೊತ್ತಿಕೊಳ್ಳುವುದು ಡೀಸೆಲ್ ಅಲ್ಲ, ಡೀಸೆಲ್‌ನ ಆವಿ ಗಾಳಿ ಜೊತೆ ಸೇರಿದ್ದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಖಾಲಿಯಲ್ಲಿ ಇಡೀ ಟ್ಯಾಂಕ್ ಗಾಳಿ. ಒಣಗಿದ ಹಾಗೆ ಕಂಡರೂ ಮಡಿಕೆಯ ಸಂದಿಯಲ್ಲಿ, ಬಾಫಲ್ ಹಿಂದೆ, ತುಕ್ಕಿನ ಪದರದಲ್ಲಿ ಎಣ್ಣೆ ಇರುತ್ತದೆ. ಕಟರ್ ಅಥವಾ ವೆಲ್ಡಿಂಗ್ ಶಾಖ ತಗಲಿದ ಕ್ಷಣ ಆ ಎಣ್ಣೆ ಆವಿಯಾಗುತ್ತದೆ. ಕಿಡಿ ಅಲ್ಲೇ ಇದೆ. ಮುಚ್ಚಿದ ಪೆಟ್ಟಿಗೆ. ಮುಂದಿನದ್ದು ಹೇಳಬೇಕಿಲ್ಲ. ವೆಲ್ಡರ್‌ಗಳು ಹೀಗೆಯೇ ಜೀವ ಕಳೆದುಕೊಂಡಿದ್ದಾರೆ.

ಡೀಸೆಲ್ ಬೇಗ ಹೊತ್ತುವುದಿಲ್ಲ ಅನ್ನುವ ಮಾತು ತಂಪು ದೇಶದ್ದು. ಯಾವ ಬಿಸಿಗೆ ಎಣ್ಣೆಯ ಆವಿ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೋ ಅದನ್ನು ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ನಮ್ಮ ದೇಶದ ಡೀಸೆಲ್‌ನ ಮಾನದಂಡ ಐಎಸ್ 1460. ಅದರ ಪ್ರಕಾರ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು ನೆರಳಲ್ಲೇ 40 ದಾಟುತ್ತದೆ. ಬಿಸಿಲಲ್ಲಿ ಬಿದ್ದ ತಗಡಿನ ಬಿಸಿ ಇನ್ನೂ ಜಾಸ್ತಿ.

ತೊಳೆದುಬಿಡುತ್ತೇನೆ ಅನ್ನಬೇಡ. ಸೋಪು ಹಾಕಿ, ಹಬೆ ಬಿಟ್ಟು, ನೀರು ತುಂಬಿ ಮಾಡುವವರಿದ್ದಾರೆ. ಅದಕ್ಕೆ ಒಳಗಿನ ಆವಿ ಅಳೆಯುವ ಮೀಟರ್ ಬೇಕು, ಅನುಭವ ಬೇಕು. ಗುಜರಿ ಅಂಗಡಿ ಮುಂದೆ ನಿಂತು ಮಾಡುವ ಕೆಲಸ ಅಲ್ಲ. ಹೊಸ ತಗಡಿಗೆ ಕೊಡುವ ದುಡ್ಡು ದುಡ್ಡೇ ಅಲ್ಲ.

ಕೆಂಧೂಳು ಅವರೇ, ನಿಮ್ಮ ಮೊದಲ ಟ್ಯಾಂಕ್ ಬಿಚ್ಚಿ ಇಟ್ಟಿದ್ದೇನೆ ಅಂದಿರಲ್ಲ, ಅದಕ್ಕೂ ಇದೇ ಮಾತು. ಆ ಬಿರುಕಿಗೆ ವೆಲ್ಡ್ ಹಾಕಿಸಬೇಡಿ.

ಎರೆಹೊಲ, ಸಿಂಧನೂರು

ಇಲ್ಲ ಅಣ್ಣ, ಬಿಟ್ಟೆ. ಅಂಗಡಿಯವನಿಗೂ ಹೇಳಿ ಬಂದೆ. ಅವನೂ ಹಳೆ ಟ್ಯಾಂಕ್ ಕಟರ್‌ನಲ್ಲೇ ಕತ್ತರಿಸುತ್ತಾನಂತೆ.

ಹೊಸದೇ ಮಾಡಿಸುತ್ತೇನೆ. ಸೋರುತ್ತಾ ಇಲ್ಲವಾ ಅಂತ ನೋಡೋದು ಹೇಗೆ? ಇಲ್ಲಿ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿ ನೋಡುತ್ತಾರೆ.

ಕೆಂಧೂಳು, ಬಳ್ಳಾರಿ

ಪಂಕ್ಚರ್ ಅಂಗಡಿ ಗಾಳಿ ಬೇಡ! ಲೆಕ್ಕ ನೋಡು. ನನ್ನ ಟ್ಯಾಂಕಿನ ಮೇಲಿನ ತಗಡು 60 ಗುಣಿಸು 45, ಅಂದರೆ 2700 ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ 1 ಕಿಲೋ ಗಾಳಿ ಕೊಟ್ಟರೆ ಆ ತಗಡಿನ ಮೇಲೆ 2700 ಕಿಲೋ ಒತ್ತುತ್ತದೆ. ಟೈರಿಗೆ ಹಾಕುವುದರ ಅರ್ಧವೂ ಇಲ್ಲ ಆ ಗಾಳಿ. ಟೈರ್ ಗುಂಡಗಿದೆ, ತಡೆಯುತ್ತದೆ. ಚಪ್ಪಟೆ ತಗಡು ತಡೆಯುವುದಿಲ್ಲ.

0.2 ಕಿಲೋ ಸಾಕು, ಅಂದರೆ 3 ಪಿಎಸ್ಐ. ಅದೇ 540 ಕಿಲೋ ಒತ್ತುತ್ತದೆ. ಟೈರ್ ಮೀಟರ್‌ನಲ್ಲಿ ಅಷ್ಟು ಸಣ್ಣದು ಕಾಣುವುದೇ ಇಲ್ಲ. ನಾನು ಅಪ್ಪನ ಹಳೆ ಬಿಪಿ ಮೀಟರ್ ತಂದೆ, ಮುಳ್ಳಿನದ್ದು. ಅದರಲ್ಲಿ 150 ಅಂದರೆ ಸರಿಯಾಗಿ 0.2 ಕಿಲೋ. ಎಲ್ಲ ಬಾಯಿ ಮುಚ್ಚಿ, ಒಂದು ಪೈಪಿಗೆ ಸೈಕಲ್ ಪಂಪ್, ಇನ್ನೊಂದಕ್ಕೆ ಬಿಪಿ ಮೀಟರ್. ಎಪ್ಪತ್ತು ಸಲ ಒತ್ತಿದ ಮೇಲೆ ಮುಳ್ಳು 150ಕ್ಕೆ ಬಂತು. ಸೋಪಿನ ನೀರನ್ನು ಬ್ರಷ್‌ನಲ್ಲಿ ಎಲ್ಲ ಜೋಡಣೆಗೂ ಹಚ್ಚಿದೆ.

ವೆಲ್ಡ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. ಫ್ಲೋಟ್ (ಡೀಸೆಲ್ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸುವ ತೇಲು) ಕೂರಿಸುವ ಬೋಲ್ಟ್‌ಗಳಲ್ಲಿ ಗುಳ್ಳೆ ಬಂತು. ಆ ಬೋಲ್ಟ್‌ಗಳ ತೂತು ಟ್ಯಾಂಕಿನ ಒಳಗೇ ಹೋಗುತ್ತಿತ್ತು. ಗಾಳಿ ಬೋಲ್ಟಿನ ಮರೆಯ (ಥ್ರೆಡ್) ಸುತ್ತಿನಲ್ಲಿ ಹತ್ತಿ ಹೊರಗೆ ಬಂದಿದೆ. ಆ ನಟ್‌ಗಳನ್ನು ತೆಗೆಸಿ, ತಳ ಮುಚ್ಚಿದ ನಟ್ ಹಾಕಿಸಿದೆ. ಆಗಿನ್ನೂ ಡೀಸೆಲ್ ಮುಟ್ಟದ ಟ್ಯಾಂಕ್, ವೆಲ್ಡ್ ಮಾಡಲು ಹೆದರಿಕೆ ಇರಲಿಲ್ಲ. ಅದಕ್ಕೇ ಹೇಳುವುದು, ಡೀಸೆಲ್ ಹಾಕುವ ಮುಂಚೆ ಎಲ್ಲ ಪರೀಕ್ಷೆ ಮುಗಿಸು.

ಬೆಳಗ್ಗೆ ಆರಕ್ಕೆ, ನೆರಳಲ್ಲಿ ಮಾಡು. ನಾನು ಮೊದಲ ಸಲ ಹತ್ತು ಗಂಟೆಗೆ ಮಾಡಿದೆ. ಯಾರೂ ಪಂಪ್ ಮುಟ್ಟಿಲ್ಲ, ಮುಳ್ಳು ತಾನೇ 150ರಿಂದ 175ಕ್ಕೆ ಹತ್ತಿತು. ಬಿಸಿಲು ಬಂದು ಒಳಗಿನ ಗಾಳಿ ಕಾದಿತ್ತು. ಹಾಗೆ ಕಾಯುತ್ತಿದ್ದರೆ ಸಣ್ಣ ಸೋರಿಕೆ ಇದ್ದರೂ ಮುಳ್ಳು ಇಳಿಯುವುದಿಲ್ಲ, ಗೊತ್ತೇ ಆಗುವುದಿಲ್ಲ.

ಲಾರಿಮನೆ, ತೋರಣಗಲ್ಲು

ಬ್ರೀದರ್, ಅಂದರೆ ಟ್ಯಾಂಕ್ ಉಸಿರಾಡುವ ಗಾಳಿ ಪೈಪ್, ಅದರ ಬಗ್ಗೆ ಯಾರೂ ಹೇಳಲಿಲ್ಲ. ಲೇಹ್ ಅಂದಿರಿ. ತಂಗ್‌ಲಂಗ್ ಲಾ ಅನ್ನುವ ಆ ದಾರಿಯ ಘಾಟಿ 5300 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನ ಅರ್ಧಕ್ಕೆ ಹತ್ತಿರ. ಬ್ರೀದರ್ ಕಟ್ಟಿಕೊಂಡರೆ ನಿಮ್ಮ ಬಿಪಿ ಮೀಟರ್ ಲೆಕ್ಕದಲ್ಲೇ ತಗಡಿನ ಮೇಲೆ ಸಾವಿರ ಕಿಲೋಗಿಂತ ಜಾಸ್ತಿ ಬೀಳುತ್ತದೆ. ಇಲ್ಲೇ ಓಡಿಸಿದರೂ ಕಟ್ಟಿದ ಬ್ರೀದರ್‌ನಿಂದ ಡೀಸೆಲ್ ಎಳೆಯದೆ ಗಾಡಿ ನಿಲ್ಲುತ್ತದೆ. ಅದಿರಿನ ಧೂಳು ಸಣ್ಣ ಪೈಪನ್ನು ವಾರದಲ್ಲಿ ಮುಚ್ಚುತ್ತದೆ. ಪೈಪನ್ನು ಬಾಡಿಯ ಒಳಗೆ ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಮುಖ ಮಾಡಿ. ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಸಿಗುತ್ತದೆ, ಹಾಕಿಸಿ.

ತುಂಬುವಾಗ ಗಾಳಿ ಹೊರಬರಲು ಬೇರೆ ಪೈಪ್ ಬೇಕು. ಇಲ್ಲದಿದ್ದರೆ ಬಂಕಿನಲ್ಲಿ ಗನ್ ಟಕ್ ಟಕ್ ಅಂತ ಕಟ್ ಆಗುತ್ತಲೇ ಇರುತ್ತದೆ. ಆ ಪೈಪಿನ ತುದಿಯನ್ನು ಟ್ಯಾಂಕಿನ ಒಳಗೆ ಒಂದೆರಡು ಸೆಂ.ಮೀ. ಇಳಿಸಿ. ಡೀಸೆಲ್ ಅಲ್ಲಿಗೆ ಬಂದ ಕೂಡಲೇ ಗನ್ ನಿಲ್ಲುತ್ತದೆ, ಮೇಲೆ ಗಾಳಿ ಉಳಿಯುತ್ತದೆ. 60 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿ ಏರಿದರೆ ಸುಮಾರು 1 ಲೀಟರ್ ಉಬ್ಬುತ್ತದೆ. ಕತ್ತಿನವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಆ ಲೀಟರ್ ನೆಲಕ್ಕೆ.

ರೇಡಿಯೇಟರ್ ಪೈಪ್ ತುಂಡನ್ನು ತುಂಬುವ ಬಾಯಿಗೆ ಹಾಕಬೇಡಿ. ಡೀಸೆಲ್‌ಗೆ ಊದಿಕೊಳ್ಳುತ್ತದೆ.

ಹಳೆ ಟ್ಯಾಂಕೂ ಇರಲಿ, ಹೊಸದೂ ಇರಲಿ ಅನ್ನುವವರು ಸಕ್ಷನ್ ಜೊತೆ ರಿಟರ್ನ್ ಕೂಡ ಬದಲಾಗುವ ವಾಲ್ವ್ ತನ್ನಿ. ನಮ್ಮ ಡ್ರೈವರ್ ಒಬ್ಬ ಸಕ್ಷನ್ ಮಾತ್ರ ಬದಲಾಯಿಸುವ ವಾಲ್ವ್ ಹಾಕಿಸಿದ. ಒಂದರಿಂದ ಎಳೆದು ಇನ್ನೊಂದಕ್ಕೆ ಬಿಟ್ಟು, ಹೈವೇ ತುಂಬ ಡೀಸೆಲ್ ಚೆಲ್ಲಿಕೊಂಡು ಬಂದ. ಹಿಂದೆ ಬೈಕ್ ಬರುತ್ತಿದ್ದರೆ ಏನು ಗತಿ?

ಕಲ್ಲುದಾರಿ, ಕೊಪ್ಪಳ

ಆರ್‌ಟಿಒದಲ್ಲಿ ಏನಂತಾರೆ?

ಕೃಷ್ಣಾತೀರ, ರಾಯಚೂರು

ಮೋಟಾರು ವಾಹನ ಕಾಯ್ದೆ 1988ರ ಕಲಂ 52 ನೋಡಿ. ಕಂಪನಿ ಮಾಡಿದ್ದನ್ನು ಬದಲಾಯಿಸಲು ಸುಲಭವಾಗಿ ಬಿಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ತಗಡು ಕತ್ತರಿಸುವ ಮುಂಚೆ ಆರ್‌ಟಿಒಗೂ ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.

ಕೆಂಧೂಳು, ಬಳ್ಳಾರಿ

ಹೊಸ ಟ್ಯಾಂಕ್ ಹಾಕಿ ಎರಡು ವಾರ ಆಯಿತು. ಸೋರಿಕೆ ಇಲ್ಲ. ಆದರೆ ಡ್ಯಾಶ್‌ಬೋರ್ಡ್‌ನ ಮುಳ್ಳು ಖಾಲಿಯಲ್ಲೇ ನಿಂತಿತ್ತು. ಫ್ಲೋಟ್ ಎರಡು ಸಲ ಬಿಚ್ಚಿ ನೋಡಿದೆ, ಸರಿಯಾಗೇ ಇದೆ. ರಾತ್ರಿ ಮಲಗಿದಾಗ ಹೊಳೆಯಿತು. ರಬ್ಬರ್ ಬುಷ್, ರಬ್ಬರ್ ಹಾಳೆ! ಟ್ಯಾಂಕಿಗೂ ಚಾಸಿಗೂ ಕಬ್ಬಿಣ ತಾಗುವುದೇ ಇಲ್ಲ. ಮೀಟರ್‌ಗೆ ಅರ್ಥ್ ಎಲ್ಲಿಂದ ಬರಬೇಕು? ಫ್ಲೋಟ್ ಮುಚ್ಚಳದಿಂದ ಚಾಸಿಗೆ ಒಂದು ವೈರ್ ಎಳೆದೆ, ಮುಳ್ಳು ಎದ್ದಿತು. ತುಂಬುವ ಬಾಯಿಯಿಂದಲೂ ಇನ್ನೊಂದು ವೈರ್ ಹಾಕಿದ್ದೇನೆ. ಡೀಸೆಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೂ ಇಳಿಯಲು ದಾರಿ ಬೇಕು. ರಬ್ಬರ್ ಮೇಲೆ ಕೂರಿಸುವವರು ಯಾರೂ ಈ ವೈರ್ ಮರೆಯಬೇಡಿ.

ಎರೆಹೊಲ, ಸಿಂಧನೂರು

ಅಣ್ಣ, ನಾನು ಮೊದಲು ರಟ್ಟಿನಲ್ಲಿ ಟ್ಯಾಂಕ್ ಮಾಡಿದೆ. ಫ್ರಿಜ್ ಬಂದ ಪೆಟ್ಟಿಗೆ ಇತ್ತು, ಅದನ್ನೇ ಕತ್ತರಿಸಿ ಅಂಟಿಸಿ ಕೆಳಗೆ ಕಟ್ಟಿದೆ. ಒಂದು ಚಕ್ರವನ್ನು ಬದುವಿನ ಮೇಲೆ ಹತ್ತಿಸಿದರೆ ಆಕ್ಸೆಲ್ ಮೇಲೆ ಬಂದು ರಟ್ಟನ್ನು ಒತ್ತಿ ಹಾಕಿತು. ಮುಂದಿನ ಕಡೆ 6 ಸೆಂ.ಮೀ. ಕಡಿಮೆ ಮಾಡಬೇಕು. 52 ಲೀಟರ್ ಬರುತ್ತದೆ, ನನಗೆ ಸಾಕು. ಕೆಳಗಿನ ರಕ್ಷಣೆ ತಗಡಿಗೆ ದೊಡ್ಡ ತೂತುಗಳನ್ನು ಬಿಡಿಸುತ್ತೇನೆ. ನಮ್ಮ ಎರೆಮಣ್ಣು ಒಳಗೆ ತುಂಬಿಕೊಂಡು ಗಟ್ಟಿಯಾದರೆ ತೆಗೆಯಲು ಆಗುವುದಿಲ್ಲ.

ಗಂಗಾವತಿ ಅಣ್ಣ, ಶನಿವಾರ ರಟ್ಟು ತಗೊಂಡು ನಿಮ್ಮ ಹತ್ತಿರ ಬರಲಾ?

ಬೆಸುಗೆಮನೆ, ಗಂಗಾವತಿ

ಬಾ. ಫ್ಲೋಟ್ ಕೂಡ ತಗೊಂಡು ಬಾ, ಅದರ ಕಡ್ಡಿಯ ಉದ್ದ ನೋಡಿಯೇ ತಗಡಿಗೆ ಗುರುತು ಹಾಕಬೇಕು.

ಕೆಂಧೂಳು, ಬಳ್ಳಾರಿ

ಬಿಪಿ ಮೀಟರ್ ನಾನು ತರುತ್ತೇನೆ. ಶುಕ್ರವಾರ ರಾತ್ರಿಯೇ ಹೊರಟು ಬರುತ್ತೇನೆ, ಬೆಳಗ್ಗೆ ಆರಕ್ಕೆ ಅಂಗಡಿ ತೆಗೆಯಿರಿ ಅಣ್ಣ.